ಪೆಟ್ರೋನಾ ಸ್ಟೀರಿಂಗ್ ಹಿಡಿದದ್ದು

ಪೆಟ್ರೋನಾ ಡೊಮಿಂಗೊ ಗಾಡಿ ಓಡಿಸುವುದನ್ನು ಕಲಿಯಲು ಮೂಲ ಕಾರಣ ಒಂದು ಹಂದಿ.

ಆಗ ಅವಳಿಗೆ ನಲವತ್ತೇಳೋ ನಲವತ್ತೆಂಟೋ ಆಗಿರಬೇಕು. ರುಪುನೂನಿ ಹುಲ್ಲುಗಾವಲಿನ ದಕ್ಷಿಣದ ಅಂಚಿನ ಕಾಟೂನಾವು ಅವಳ ಊರು. ಹತ್ತಿ ನೂತು ಜೋಲಿ ನೇಯುವುದು, ಮರಗೆಣಸು ತುರಿದು ಹಿಂಡಿ ದೊಡ್ಡ ಬಾಣಲೆಯಲ್ಲಿ ಫರೀನ್ ಹುರಿಯುವುದು, ಇದರ ನಡುವೆ ಊರಿಗೆಲ್ಲ ಕೇಳುವಂತೆ ನಗುವುದು ಅವಳ ದಿನಚರಿ. ಗಂಡ ಬೇಸಿಲ್ ಊರ ಸಮಿತಿಯ ಹಸಿರು ಪಿಕಪ್‌ನ ಡ್ರೈವರ್. ನಾಲ್ಕೂ ಚಕ್ರ ಎಳೆಯುವ ಹಳೆಯ ಗಾಡಿ ಅದು. ಬೇಸಿಲ್ ಒಳ್ಳೆಯವನೇ, ಆದರೆ ಕೆಸರು ಕಂಡರೆ ಆಕ್ಸಿಲರೇಟರ್ ಒತ್ತುವ ಚಟ. ಒತ್ತಿದಷ್ಟೂ ಚಕ್ರ ಗಿರಗಿರ ತಿರುಗಿ ಗಾಡಿ ಹೂತುಕೊಳ್ಳುತ್ತಿತ್ತು. ಆಮೇಲೆ ಅವನು ಕಿಟಕಿಯಿಂದ ತಲೆ ಹೊರಹಾಕಿ, "ಪೆಟ್ರೋ, ಸ್ವಲ್ಪ ಇಳೀತೀಯಾ" ಎನ್ನುತ್ತಿದ್ದ. ಮದುವೆಯಾದಾಗಿನಿಂದ ಅವಳು ಆ ಗಾಡಿಯನ್ನೂ ಅದಕ್ಕೆ ಮುಂಚಿನ ಗಾಡಿಯನ್ನೂ ನೂಕಿದ ಜಾಗಗಳನ್ನು ಗುರುತು ಮಾಡುತ್ತಾ ಹೋದರೆ ಲೆಥೆಮ್ ಪೇಟೆಯವರೆಗೂ ಸಾಲು ಮುಗಿಯುತ್ತಿರಲಿಲ್ಲ.

ಹಂದಿಯ ದಿನ ಅವರು ಅವಳ ತಮ್ಮನ ಮಗಳ ಮದುವೆಗೆ ಹೊರಟಿದ್ದರು. ಹಿಂದಿನ ತೊಟ್ಟಿಯಲ್ಲಿ ಉಡುಗೊರೆಯ ಹಂದಿಯನ್ನು ಕಾಲು ಕಟ್ಟಿ ಮಲಗಿಸಿದ್ದರು. ಪೆಟ್ರೋನಾ ಹೊಸ ಹಳದಿ ಲಂಗ ತೊಟ್ಟಿದ್ದಳು. ಇಟೆ ತಾಳೆಗಳ ಜೌಗು ಹತ್ತಿರವಾದಾಗ ಅವಳು, "ಎಡಗಡೆಯಿಂದ ಹೋಗು, ಬಲಕ್ಕೆ ಬೇಡ" ಎಂದಳು. ಬೇಸಿಲ್ ಬಲಕ್ಕೇ ಹೋದ. ಗಾಡಿ ಹೂತಿತು. ಅವಳು ಲಂಗ ಎತ್ತಿ ಕಟ್ಟಿಕೊಂಡು ಇಳಿದು ಹಿಂದಿನಿಂದ ನೂಕಿದಳು, ಅವನು ಎಂದಿನಂತೆ ಒತ್ತಿದ. ಚಕ್ರ ಎರಚಿದ ಕೆಸರು ಅವಳನ್ನು ನೆತ್ತಿಯಿಂದ ಮೊಣಕಾಲಿನವರೆಗೆ ಹೊದಿಸಿಬಿಟ್ಟಿತು. ಆ ಕುಲುಕಾಟಕ್ಕೆ ಹಂದಿಯ ಕಟ್ಟು ಸಡಿಲಿ, ಅದು ಅವಳ ಭುಜದ ಮೇಲಿಂದಲೇ ಹಾರಿ ಹುಲ್ಲಿನೊಳಗೆ ಮಾಯವಾಯಿತು.

ಪೆಟ್ರೋನಾ ಬಾಯೊಳಗಿನ ಕೆಸರು ಉಗಿದು, ಬೇಸಿಲ್‌ನ ಅಪ್ಪ ಅಜ್ಜಂದಿರನ್ನೆಲ್ಲ ಸೇರಿಸಿ ಒಂದು ಸುತ್ತು ಬೈದಳು. ಅವನು ಸಾವಧಾನವಾಗಿ ಕೇಳಿಸಿಕೊಂಡು, "ಅಷ್ಟು ಗೊತ್ತಿದ್ರೆ ನೀನೇ ಓಡ್ಸೇ" ಎಂದ.

ಬಾಯಿ ಮುಚ್ಚಿಸಲೆಂದು ಆಡಿದ ಮಾತು. ಅವಳು ಮುಖ ಒರೆಸಿಕೊಳ್ಳುತ್ತಾ, "ಸರಿ. ನಾಳೆಯಿಂದ ಕಲಿಸು" ಎಂದಳು.

ಹಂದಿ ಸಿಗಲಿಲ್ಲ. ಮದುವೆಗೆ ಅವರು ಖಾಲಿ ಕೈಯಲ್ಲಿ ಹೋದರು, ಕೆಸರಿನ ಪೆಟ್ರೋನಾಳೇ ಉಡುಗೊರೆ ಎಂದು ಬೀಗರು ತಮಾಷೆ ಮಾಡಿದರು.

ಗಂಡನ ಹತ್ತಿರ ಪಾಠ ನಾಲ್ಕು ದಿನವೂ ನಡೆಯಲಿಲ್ಲ. ಅವನು "ಕ್ಲಚ್ ಬಿಡು" ಎಂದರೆ ಅವಳು ಪೂರ್ತಿ ಬಿಡುತ್ತಿದ್ದಳು. "ನಿಧಾನಕ್ಕೆ" ಎಂದರೆ ಎಂಜಿನ್ ಸತ್ತುಹೋಗುತ್ತಿತ್ತು. ಬೇಸಿಲ್ ಪ್ರತಿ ತಪ್ಪಿಗೂ ನಾಲಿಗೆಯಿಂದ ಲೊಚ್ಚೆಂದು ಸದ್ದು ಮಾಡುತ್ತಿದ್ದ. ಕೊನೆಗೆ ಗಾಡಿ ಆಳೆತ್ತರದ ಒಂದು ಗೆದ್ದಲ ಹುತ್ತಕ್ಕೆ ಮುಂಗಾಲೂರಿ ನಿಂತಾಗ ಅವನು ಲೊಚ್ಚೆನ್ನದೆ ಮುಖ ಆ ಕಡೆ ತಿರುಗಿಸಿಕೊಂಡ. ಭುಜ ಕುಲುಕುತ್ತಿತ್ತು. ನಗುತ್ತಿದ್ದಾನೆಂದು ಗೊತ್ತಾದ ಕೂಡಲೇ ಅವಳು ಕೀಲಿ ಕಿತ್ತು ಅವನ ಮಡಿಲಿಗೆಸೆದು ಮನೆಗೆ ನಡೆದುಬಿಟ್ಟಳು.

ಮರುದಿನ ಅವಳು ಹೋದದ್ದು ಟೆಲ್ಫರ್ಡ್ ಬಳಿಗೆ. ಟೆಲ್ಫರ್ಡ್ ಕರಾವಳಿಯ ಕರಿಯ, ಎತ್ತರದ ಆಸಾಮಿ. ಪ್ರಾಯದಲ್ಲಿ ಕಾಡು ದಾಟಿ ಕರಾವಳಿಯಿಂದ ಲೆಥೆಮ್‌ಗೆ ಸಾಮಾನು ಲಾರಿ ತರುತ್ತಿದ್ದವನು ಕಾಟೂನಾವಿನ ಹುಡುಗಿಯೊಬ್ಬಳನ್ನು ಕಟ್ಟಿಕೊಂಡು ಇಲ್ಲೇ ನಿಂತುಬಿಟ್ಟಿದ್ದ. ಎಡಮೊಣಕಾಲು ಕೆಟ್ಟು ಕ್ಲಚ್ ಒತ್ತಲಾಗದೆ ಹೋದ ಮೇಲೆ ಉಪ್ಪು, ಸೋಪು, ಬ್ಯಾಟರಿಗಳ ಅಂಗಡಿ ಇಟ್ಟುಕೊಂಡಿದ್ದ. ಮಾತು ಮಾತ್ರ ಇನ್ನೂ ಲಾರಿಯದೇ.

"ಟೆಲ್ಫರ್ಡ್ ಮಾಮ, ಗಾಡಿ ಕಲಿಸ್ತೀಯಾ?"

"ಯಾರಿಗೆ? ಜಸಿಂತಾಗಾ?"

ಜಸಿಂತಾ ಅವಳ ಮಗಳು, ಊರಿನ ಹೆಣ್ಣುಮಕ್ಕಳ ಫುಟ್ಬಾಲ್ ತಂಡದ ಗೋಲ್‌ಕೀಪರ್.

"ನಂಗೆ."

ಟೆಲ್ಫರ್ಡ್ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನಕ್ರೆ ಕಲಿಸ್ತೀನಿ. ಬೈದ್ರೂ ಕಲಿಸ್ತೀನಿ. ಅತ್ರೆ ಮಾತ್ರ ಆಗಲ್ಲ, ನಂಗೂ ಅಳು ಬರತ್ತೆ."

ಮೊದಲ ದಿನ ಅವನು ಗಾಡಿಯ ಬಾಗಿಲನ್ನೇ ತೆಗೆಯಗೊಡಲಿಲ್ಲ. ಒಂದು ಕೋಲು ಕೊಟ್ಟು, ಚಪ್ಪಲಿ ಬಿಚ್ಚಿಸಿ, ತೊರೆಯವರೆಗಿನ ದಾರಿಯನ್ನು ನಡೆಸಿದ. ತಾನು ಕತ್ತೆಯ ಮೇಲೆ ಕೂತು ಹಿಂದೆ ಬಂದ.

"ಇಲ್ಲಿ ಹೆಂಗಿದೆ?"

"ಮೆತ್ತಗಿದೆ."

"ಮೇಲೆ ಮೆತ್ತಗೋ, ಒಳಗೂ ಮೆತ್ತಗೋ? ಕೋಲು ಚುಚ್ಚು."

ಚುಚ್ಚಿದಳು. ಗೇಣುದ್ದ ಇಳಿದು ಟಕ್ಕೆಂದು ಕಲ್ಲಿಗೆ ತಾಗಿತು.

"ಹಂಗಾದ್ರೆ ಇಲ್ಲಿ ಹೋಗ್ಬಹುದು. ಆ ಹಸಿರು ಹುಲ್ಲು ಚೆಂದಾಗಿ ಕಾಣತ್ತಲ್ಲ, ಅಲ್ಲಿ ಚುಚ್ಚು."

ಅಲ್ಲಿ ಕೋಲು ಅರ್ಧ ಮುಳುಗಿ ಮೇಲೆ ಬರಲು ಒಪ್ಪಲಿಲ್ಲ. ಪೆಟ್ರೋನಾ ಎರಡೂ ಕೈಯಲ್ಲಿ ಎಳೆದು ಅಂಗಾತ ಬಿದ್ದಳು. ಬಿದ್ದಲ್ಲೇ ಅವಳು ಹೇಳಿದಳು: "ಮಾಮ, ಇದು ನಂಗೆ ಗೊತ್ತಿರೋ ಜಾಗ. ಹೋದ ವರ್ಷ ಬೇಸಿಲ್‌ನ ಗಾಡೀನ ಇಲ್ಲಿಂದ್ಲೇ ಎತ್ತಿದ್ದು."

ಎರಡನೆಯ ಪಾಠ ಹೆಬ್ಬೆರಳಿನದು. ಸ್ಟೀರಿಂಗ್‌ನ ಬಳೆಯೊಳಗೆ ಹೆಬ್ಬೆರಳು ಸಿಕ್ಕಿಸಬಾರದು, ಅದು ಬಳೆಯ ಮೇಲೇ ಇರಬೇಕು ಎಂದು ಟೆಲ್ಫರ್ಡ್ ಹೇಳಿದ್ದ. ಪೆಟ್ರೋನಾ ತಲೆಯಾಡಿಸಿ ಮರೆತಳು. ಗಟ್ಟಿಯಾದ ಹಳೆಯ ಚಕ್ರದ ಜಾಡಿಗೆ ಗಾಡಿ ಇಳಿದಾಗ ಸ್ಟೀರಿಂಗ್ ತಾನೇ ಗಿರ್ರನೆ ತಿರುಗಿ ಅವಳ ಹೆಬ್ಬೆರಳನ್ನು ಹೊಡೆಯಿತು. ಬೆರಳು ಬಾಳೆಗೊನೆಯ ತುದಿಯಂತೆ ಊದಿಕೊಂಡು ಮರಗೆಣಸು ತುರಿಯುವ ಹಲಗೆ ಹಿಡಿಯಲಾಗದೆ ಹೋಯಿತು. ಬೇಸಿಲ್ ತಾನೇ ತುರಿಯಲು ಕೂತ. ತುರಿದದ್ದು ಗುಂಡುಗುಂಡಾಗಿತ್ತು, ಆ ವಾರದ ಫರೀನ್‌ನಲ್ಲಿ ಹಲ್ಲು ಮುರಿಯುವಂಥ ಹರಳುಗಳಿದ್ದವು. ಪೆಟ್ರೋನಾ ಅದನ್ನೇ ತಿಂದು, ಇಷ್ಟು ರುಚಿಯಾದದ್ದು ತಾನೆಂದೂ ತಿಂದಿಲ್ಲವೆಂದು ಕಂಡಕಂಡವರಿಗೆಲ್ಲ ಹೇಳಿದಳು. ಬೇಸಿಲ್ ಅದನ್ನು ನಿಜವೆಂದೇ ತಿಳಿದ.

ಮರಳಿಗೆ ಬಂದಾಗ ಟೆಲ್ಫರ್ಡ್ ಚಕ್ರಗಳ ಗಾಳಿ ಇಳಿಸಲು ಹೇಳಿದ.

"ಗಾಳಿ ತೆಗೆಯೋದಾ? ಆಮೇಲೆ ಪಂಚರ್ ಆದ ಹಂಗೆ ಹೊಟ್ಟೆ ಊದಿಸ್ಕೊಂಡು ನಿಲ್ಲಲ್ವಾ?"

"ಮರಳಲ್ಲಿ ಬರಿಗಾಲಲ್ಲಿ ನಡಿಯೋದು ಸುಲಭವೋ, ಲೆಥೆಮ್ ಹುಡುಗೀರ ಹಂಗೆ ಮೊಳೆಯಂಥ ಹಿಮ್ಮಡಿ ಇರೋ ಚಪ್ಪಲಿ ಹಾಕ್ಕೊಂಡೋ?"

"ಬರಿಗಾಲಲ್ಲಿ."

"ಗಾಳಿ ಇಳಿದ ಚಕ್ರ ಬರಿಗಾಲು. ಅಗಲವಾಗತ್ತೆ, ಮರಳ ಮೇಲೆ ತೇಲತ್ತೆ. ಗಟ್ಟಿ ನೆಲ ಸಿಕ್ಕಿದ ಮೇಲೆ ಪಂಪು ಹಿಡಿದು ಮತ್ತೆ ತುಂಬಿಸ್ಬೇಕು, ಇಲ್ದಿದ್ರೆ ಚಕ್ರ ಹರಿಯತ್ತೆ. ತುಂಬಿಸೋಕೆ ಸೋಮಾರಿತನ ಮಾಡೋರು ಗಾಳಿ ತೆಗೀಲೇಬಾರದು."

ಇಳಿಜಾರಿನ ಪಾಠವನ್ನು ಊರು ಇವತ್ತಿಗೂ ಮರೆತಿಲ್ಲ. ಕಾಟೂನಾವಿನ ಹಿಂದಿನ ಕಲ್ಲುಗುಡ್ಡದ ಮೇಲಿಂದ ಗಾಡಿ ಇಳಿಸಬೇಕಿತ್ತು. ಟೆಲ್ಫರ್ಡ್ ಪಕ್ಕದಲ್ಲಿ ಕೂತು ಒತ್ತಿ ಒತ್ತಿ ಹೇಳಿದ: ಕೆಳಗಿನ ಒಂದನೇ ಗೇರ್ ಹಾಕು, ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ಕ್ಲಚ್ ಮುಟ್ಟಬೇಡ. ಬ್ರೇಕ್ ತುಳಿಯಬೇಡ, ತುಳಿದರೆ ಚಕ್ರ ನಿಂತು ಗಾಡಿ ಜಾರುತ್ತದೆ. ಪೆಟ್ರೋನಾಳಿಗೆ ತನ್ನ ಕಾಲಿನ ಮೇಲೆ ನಂಬಿಕೆ ಇರಲಿಲ್ಲ. ಗಾಡಿ ಮೂತಿ ಬಗ್ಗಿಸಿ ಇಳಿಯತೊಡಗಿದ ಕೂಡಲೇ ಅವಳು ಎರಡೂ ಕಾಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

ಟೆಲ್ಫರ್ಡ್‌ನ ಕೂಗಿಗೆ ಕೆಳಗೆ ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತರು.

ಗಾಡಿ ಮಾತ್ರ ಹೊರೆ ಹೊತ್ತ ಎತ್ತಿನಂತೆ ಗುರುಗುಡುತ್ತಾ, ಒಂದೊಂದೇ ಕಲ್ಲು ದಾಟುತ್ತಾ, ತಳಕ್ಕೆ ಬಂದು ನಿಂತಿತು. ಟೆಲ್ಫರ್ಡ್ ಇಳಿದು ಒಂದು ಬಂಡೆಯ ಮೇಲೆ ಕೂತು ಎದೆ ನೀವಿಕೊಂಡ.

"ಬ್ರೇಕ್ ತುಳೀಬೇಡ ಅಂದೆ ಕಣಮ್ಮ. ಸನ್ಯಾಸಿ ಥರ ಕೂತ್ಕೋ ಅಂದ್ನಾ?"

"ಸರಿಯಾಗಿ ಇಳೀತೋ ಇಲ್ವೋ ಅದು ಹೇಳು."

"ಇಳೀತು."

"ಮತ್ಯಾಕೆ ಬೈತೀಯ?"

ಆ ದಿನದಿಂದ ಅವಳಿಗೆ ಗಾಡಿಯ ಭಯ ಹೋಯಿತು. ಅದು ಬುದ್ಧಿಯಿರುವ ಪ್ರಾಣಿ, ತಾನು ಗಾಬರಿಪಟ್ಟು ಅಡ್ಡ ಬರದಿದ್ದರೆ ಸಾಕು ಎಂದು ಅವಳಿಗೆ ಅನ್ನಿಸತೊಡಗಿತು. ಬೆಳಿಗ್ಗೆ ಬಾಣಲೆ ಇಳಿಸಿದ ಕೂಡಲೇ ಅವಳ ಕಣ್ಣು ಅಂಗಳದ ಹಸಿರು ಗಾಡಿಯ ಕಡೆ ಹೋಗುತ್ತಿತ್ತು. ಇಷ್ಟು ವಯಸ್ಸಿಗೆ ಹೊಸದೊಂದಕ್ಕೆ ಹೀಗೆ ಮನಸ್ಸು ಹಾರುವುದಿದೆಯೇ ಎಂದು ಅವಳಿಗೇ ಸೋಜಿಗ.

ಮೇ ತಿಂಗಳಲ್ಲಿ ಮೊದಲ ಮಳೆಗಳು ಬಿದ್ದವು. ಅದೇ ಹೊತ್ತಿಗೆ ಲೆಥೆಮ್‌ನಲ್ಲಿ ಹೆಣ್ಣುಮಕ್ಕಳ ಫುಟ್ಬಾಲ್ ಪಂದ್ಯಾವಳಿಯ ಕೊನೆಯ ಆಟ. ಕಾಟೂನಾವು ತಂಡ ಅಲ್ಲಿಯವರೆಗೆ ಹೋದದ್ದು ಅದೇ ಮೊದಲು. ಎದುರಾಳಿ ಪಕ್ಕದ ಊರಾದ ಮಾಪಾರಿ. ಶನಿವಾರ ಮಧ್ಯಾಹ್ನ ಆಟ, ಗುರುವಾರ ಬೇಸಿಲ್ ಕರುಗಳಿಗೆ ಗುರುತಿನ ಬರೆ ಹಾಕುವಲ್ಲಿ ಕುದುರೆಯಿಂದ ಬಿದ್ದು ಕೊರಳೆಲುಬು ಮುರಿದುಕೊಂಡ. ಕೈಯನ್ನು ಎದೆಗೆ ಕಟ್ಟಿಕೊಂಡು ಜೋಲಿಯಲ್ಲಿ ಮಲಗಿದ ಅವನ ಸುತ್ತ ಇಡೀ ತಂಡ ಮುಖ ಊದಿಸಿಕೊಂಡು ನಿಂತಿತು. ಟೆಲ್ಫರ್ಡ್‌ನ ಮೊಣಕಾಲು ಎಲ್ಲರಿಗೂ ಗೊತ್ತು. ಊರಿನಲ್ಲಿ ಬೇರೆ ಡ್ರೈವರ್ ಇರಲಿಲ್ಲ.

ಜಸಿಂತಾ, "ಅಮ್ಮ ಇದಾಳಲ್ಲ" ಎಂದಳು.

ಬೇಸಿಲ್ ಎದ್ದು ಕೂರಲು ಹೋಗಿ ನೋವಿಗೆ ಮುಖ ಕಿವುಚಿದ. "ಅವಳು ಒಣ ನೆಲದಲ್ಲಿ ಕಲ್ತೋಳು. ಮಳೆ ಬಿದ್ದ ಜೌಗು ಅವಳು ನೋಡಿಲ್ಲ."

"ನೋಡಿಲ್ವಾ?" ಎಂದಳು ಪೆಟ್ರೋನಾ. "ನೀನು ಕಿಟಕಿಯಿಂದ ನೋಡಿದೀಯ. ನಾನು ಸೊಂಟದವರೆಗೆ ಇಳಿದು ನೋಡಿದೀನಿ."

ಹುಡುಗಿಯರು ಹೋ ಎಂದು ನಕ್ಕರು. ಬೇಸಿಲ್‌ಗೂ ನಗು ಬಂತು, ಆದರೆ ನಕ್ಕರೆ ನೋಯುತ್ತಿತ್ತು. ಆ ಸಂಜೆ ಅವನು ಅವಳನ್ನು ಕೂರಿಸಿಕೊಂಡು ದಾರಿಯ ಪ್ರತಿ ತಿರುವನ್ನೂ ಹೇಳಿದ. ಅವಳಿಗೆ ಎಲ್ಲ ಗೊತ್ತಿತ್ತು, ಆದರೂ ಕೊನೆಯವರೆಗೆ ಕೇಳಿಸಿಕೊಂಡಳು. ಬಿದ್ದವನ ಮನಸ್ಸಿಗೂ ಒಂದು ಕೆಲಸ ಬೇಕಲ್ಲ.

ಶನಿವಾರ ಬೆಳಕು ಹರಿಯುತ್ತಲೇ ಹೊರಟರು. ತೊಟ್ಟಿಯಲ್ಲಿ ತಂಡ, ಒಣಗಿಸಿದ ದನದ ಮಾಂಸದ ಗಂಟು, ಫರೀನ್ ಚೀಲ, ಸಲಿಕೆ, ಹಗ್ಗ. ಹಿಂದಿನ ದಿನ ಹುಡುಗಿಯರು ಗಾಡಿಯ ಬಾಗಿಲ ಮೇಲೆ ಸುಣ್ಣದಲ್ಲಿ ತಮ್ಮ ತಂಡದ ಗುರುತಾದ ಇರುವೆಯ ಚಿತ್ರ ಬರೆದಿದ್ದರು. ಬೆಟ್ಟದ ಕಡೆಯಿಂದ ತಂಗಾಳಿ ಬೀಸುತ್ತಿತ್ತು. ಮರಳಿನಲ್ಲಿ ಪೆಟ್ರೋನಾ ಇಳಿದು ಗಾಳಿ ಇಳಿಸಿದಳು, ದಾಟಿದ ಮೇಲೆ ಹುಡುಗಿಯರ ಕೈಗೆ ಪಂಪು ಕೊಟ್ಟು ತುಂಬಿಸಿದಳು. ದಾರಿಗಡ್ಡ ಬಂದ ಇರುವೆಬಾಕವೊಂದು ಬಾಲ ಎಳೆದುಕೊಂಡು ದಾಟುವವರೆಗೆ ಎಂಜಿನ್ ಆರಿಸಿ ಕಾದಳು. ಎಲ್ಲ ಎಷ್ಟು ಸಲೀಸಾಗಿ ನಡೆಯಿತೆಂದರೆ ಅವಳಿಗೆ ಸ್ವಲ್ಪ ಕೋಡು ಮೂಡಿತು.

ಇಟೆ ಜೌಗು ಬಂದಾಗ ಅವಳು ಕಿಟಕಿಯಿಂದ ಕೂಗಿದಳು: "ಯಾರೂ ಇಳೀಬೇಕಾಗಿಲ್ಲ. ಕೂತ್ಕೊಂಡು ನೋಡ್ತಿರಿ."

ಒಳಗಿನ ಸಣ್ಣ ಲಿವರನ್ನು ಎಳೆದು ನಾಲ್ಕು ಚಕ್ರಕ್ಕೆ ಹಾಕಿದಳು. ಎಡಗಡೆಯ ಗಟ್ಟಿ ನೆಲ ಹಿಡಿದಳು. ಒಂದೇ ಸಮನೆ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಒತ್ತಿದಳು. ಅರ್ಧ ದಾಟಿತು. ಆಮೇಲೆ ಗಾಡಿ ಒಂದು ಸಲ ನಿಟ್ಟುಸಿರಿಟ್ಟಂತಾಗಿ, ಹಿಂಭಾಗ ಕೆಳಗೆ ಹೋಗಿ, ನಿಂತಿತು. ಅವಳು ಏನು ಮಾಡಬಾರದೆಂದು ಇಷ್ಟು ವರ್ಷ ಬೇಸಿಲ್‌ಗೆ ಹೇಳಿದ್ದಳೋ ಅದನ್ನೇ ಮಾಡಿದಳು, ಅಂದರೆ ಇನ್ನೂ ಒತ್ತಿದಳು. ಚಕ್ರ ತಿರುಗಿತು, ಕೆಸರು ಹಾರಿತು, ಗಾಡಿಯ ಹೊಟ್ಟೆ ನೆಲ ಮುಟ್ಟಿತು.

ಇಳಿದು ನೋಡಿದಳು. ಹಿಂದಿನ ಚಕ್ರಗಳು ಗುಂಡಿ ತೋಡಿಕೊಂಡು ಕೂತಿದ್ದವು. ಮುಂದಿನವು ಒಂದಿಷ್ಟೂ ಕೆಸರು ಕೆದರದೆ ಸುಮ್ಮನೆ ನಿಂತಿದ್ದವು. ಅವಳಿಗೆ ಹೊಳೆಯಿತು. ಆ ಹಳೆಯ ಗಾಡಿಯಲ್ಲಿ ಒಳಗಿನ ಲಿವರ್ ಎಳೆದರಷ್ಟೇ ಸಾಲದು. ಮುಂದಿನ ಒಂದೊಂದು ಚಕ್ರದ ನಟ್ಟನಡುವೆಯೂ ಇರುವ ತಿರುಪನ್ನು ಇಳಿದು ಕೈಯಾರೆ ತಿರುಗಿಸಿ ಬಿಗಿ ಮಾಡಬೇಕು. ಮಾಡದಿದ್ದರೆ ಎಂಜಿನ್‌ನ ಬಲ ಮುಂಚಕ್ರಕ್ಕೆ ಮುಟ್ಟುವುದೇ ಇಲ್ಲ. ಟೆಲ್ಫರ್ಡ್ ಅದನ್ನು ಎಷ್ಟು ಸಲ ಹೇಳಿದ್ದನೋ. ಅವಳು ಮರೆತಿದ್ದಳು.

"ಏನಾಯ್ತಮ್ಮಾ?" ಜಸಿಂತಾ ತೊಟ್ಟಿಯಿಂದ ಬಗ್ಗಿ ಕೇಳಿದಳು.

ಪೆಟ್ರೋನಾ ಹೇಳಲು ಹೋದಳು, ನಗು ಬಂದುಬಿಟ್ಟಿತು. ನಗುತ್ತಾ ನಗುತ್ತಾ ಕೆಸರಿನಲ್ಲೇ ಕೂತಳು. ಹುಡುಗಿಯರು ಮೊದಲು ಗಾಬರಿಯಾದರು, ಆಮೇಲೆ ಅವಳನ್ನು ನೋಡಿ ಅವರೂ ನಗತೊಡಗಿದರು. ಎಲ್ಲರೂ ಹೀಗೆ ಹೊಟ್ಟೆ ಹಿಡಿದುಕೊಂಡಿರುವಾಗ ಹಿಂದಿನಿಂದ ಟ್ರಾಕ್ಟರಿನ ಸದ್ದು ಕೇಳಿಸಿತು.

ಮಾಪಾರಿಯ ತಂಡ. ಕ್ಲೀಟಸ್ ಎಂಬ ಮೌನಿ ಮನುಷ್ಯ ಟ್ರಾಕ್ಟರ್ ಹೊಡೆಯುತ್ತಿದ್ದ, ಹಿಂದಿನ ಟ್ರೇಲರಿನಲ್ಲಿ ನೀಲಿ ಅಂಗಿಯ ಹುಡುಗಿಯರು ನಿಂತಿದ್ದರು. ಅವರ ನಾಯಕಿ ಡಲ್ಸಿ, ಅಗಲ ಭುಜದವಳು. ಅವಳು ಒದ್ದ ಚೆಂಡು ತಾಗಿ ಗೋಲಿನ ಕಂಬ ಬಾಗಿತ್ತೆಂದು ಸುದ್ದಿ.

"ಏನ್ರೇ ಕಾಟೂನಾವು," ಡಲ್ಸಿ ಕೂಗಿದಳು, "ಆಟಕ್ಕೆ ಹೊರಟ್ರಾ, ಗೆಣಸು ನೆಡೋಕೆ ಬಂದ್ರಾ?"

"ನೆಟ್ಟಾಯ್ತು," ಎಂದಳು ಜಸಿಂತಾ. "ಕೀಳೋಕೆ ನಿಮ್ಮನ್ನ ಕಾಯ್ತಿದ್ವಿ."

"ನಾವು ಹಂಗೇ ಹೋಗಿಬಿಟ್ರೆ ಗೆಲ್ಲೋ ಕಪ್ ನಮ್ದೇ ಅಲ್ವಾ?"

"ಹೋಗು. ಗೋಲ್‌ಕೀಪರ್ ಇಲ್ದಿರೋ ಕಡೆ ಗೋಲ್ ಹೊಡೆದೆ ಅಂತ ಅಜ್ಜಿಗೆ ಹೇಳ್ಕೋ."

ಡಲ್ಸಿ ಬೂಟು ಬಿಚ್ಚಿ ಕೆಳಗೆ ಹಾರಿದಳು. ಅವಳ ಹಿಂದೆ ಉಳಿದವರೂ.

ಪೆಟ್ರೋನಾ ಎದ್ದು ಮೊದಲು ತಿರುಪುಗಳನ್ನು ಬಿಗಿ ಮಾಡಿದಳು. ಸಲಿಕೆ ಹಿಡಿದು ಚಕ್ರಗಳ ಮುಂದೆ ಇಳಿಜಾರಾಗಿ ತೋಡಿದಳು, ಹೊಟ್ಟೆಯಡಿಯ ಮಣ್ಣು ತೆಗೆಸಿದಳು, ಇಟೆ ತಾಳೆಯ ಗರಿಗಳನ್ನು ಕಡಿಸಿ ಚಕ್ರದಡಿ ತುರುಕಿಸಿದಳು. ಕ್ಲೀಟಸ್ ಟ್ರಾಕ್ಟರನ್ನು ಸುತ್ತಿಸಿ ಮುಂದೆ ತಂದು ಹಗ್ಗ ಬಿಗಿದಾಗ ಅದರ ಮೇಲೆ ಒದ್ದೆ ಗೋಣಿ ಹೊದಿಸಿ, "ಎಲ್ರೂ ದೂರ. ಹಗ್ಗ ಕಿತ್ರೆ ಹಾವಿನ ಹಂಗೆ ಹೊಡೆಯತ್ತೆ" ಎಂದು ಎರಡೂ ತಂಡಗಳನ್ನು ಕೋಳಿಮರಿಗಳಂತೆ ಅಟ್ಟಿದಳು. ಆಮೇಲೆ ಹತ್ತಿ ಕೂತು, ಕೆಳಗಿನ ಗೇರಿನಲ್ಲಿ, ಮೆಲ್ಲಗೆ ಕ್ಲಚ್ ಬಿಟ್ಟಳು. ನಾಲ್ಕೂ ಚಕ್ರ ಕಚ್ಚಿದವು. ಹಗ್ಗ ಇನ್ನೂ ಪೂರ್ತಿ ಬಿಗಿಯುವ ಮೊದಲೇ ಗಾಡಿ ಗರಿಗಳ ಮೇಲೆ ಹತ್ತಿ ಹೊರಬಂತು.

ಕ್ಲೀಟಸ್ ಆ ದಿನ ಆಡಿದ ಮೊದಲ ಮಾತು ಅದು: "ನನ್ನ ಕರೆದದ್ದು ಯಾಕೆ ಮತ್ತೆ?"

ಅಲ್ಲಿಂದ ಮುಂದೆ ಎರಡೂ ಗಾಡಿಗಳು ಜೊತೆಯಾಗಿ ಹೋದವು. ದೊಡ್ಡ ತೊರೆಯ ದಡಕ್ಕೆ ಬಂದರೆ ನೀರು ಏರಿತ್ತು. ಬೆಟ್ಟದಲ್ಲಿ ಸುರಿದ ಮಳೆ ಕೆಂಪಗೆ, ಕಡ್ಡಿಕಸ ಹೊತ್ತು ಬರುತ್ತಿತ್ತು. ಕ್ಲೀಟಸ್ ಇಳಿದು ನೋಡಿ ತಲೆಯಲ್ಲಾಡಿಸಿದ. ಟ್ರಾಕ್ಟರ್ ದಾಟಬಹುದು, ಆದರೆ ಹಿಂದಿನ ಟ್ರೇಲರ್ ಹಗುರ; ಸೆಳೆತಕ್ಕೆ ಅಡ್ಡ ತಿರುಗಿ ಮಗುಚಿದರೆ ಯಾರು ಹೊಣೆ ಎಂದ. ನೀಲಿ ಅಂಗಿಗಳು ಸಪ್ಪಗಾದವು.

ಪೆಟ್ರೋನಾ ಎಂಜಿನ್ ಆರಿಸಿ ದಡದಲ್ಲಿ ಕೂತಳು. ಒಂದು ಕಡ್ಡಿ ನೀರಿನಂಚಿಗೆ ನೆಟ್ಟು, ಒಂದು ತುಂಡು ಮಾಂಸ ಅಗಿಯುತ್ತಾ ಅದನ್ನೇ ನೋಡಿದಳು. ಮಾಂಸ ಮುಗಿದರೂ ನೀರು ಕಡ್ಡಿಯನ್ನು ದಾಟಲಿಲ್ಲ. ಏರುವುದು ನಿಂತಿತ್ತು. ಹಗ್ಗವನ್ನು ಸೊಂಟಕ್ಕೆ ಕಟ್ಟಿ ಅದರ ತುದಿಯನ್ನು ಡಲ್ಸಿಯ ಕೈಗೆ ಕೊಟ್ಟು, ಕೋಲು ಊರುತ್ತಾ ನೀರಿಗಿಳಿದಳು. ನೇರ ದಾರಿಯಲ್ಲಿ ತಳ ಮೆತ್ತಗಿತ್ತು. ಸ್ವಲ್ಪ ಮೇಲಕ್ಕೆ, ನೀರು ಅಗಲವಾಗಿ ಹರಿದು ಸಣ್ಣಗೆ ಸದ್ದು ಮಾಡುತ್ತಿದ್ದಲ್ಲಿ, ಕಾಲಡಿ ಹರಳುಕಲ್ಲು ಸಿಕ್ಕಿತು. ನೀರು ತೊಡೆಯ ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ಆಚೆ ದಡ ಮುಟ್ಟಿ ತಿರುಗಿ ಬಂದು, "ಆಗತ್ತೆ. ಎರಡು ಸಲ ಹೊಡೀತೀನಿ. ಎಲ್ರನ್ನೂ" ಎಂದಳು.

"ಮೊದಲು ಯಾರು?" ಎಂದಳು ಡಲ್ಸಿ. "ನಿಮ್ಮೋರು ಮೊದಲು ದಾಟಿ ಹಂಗೇ ಹೋಗಿಬಿಟ್ರೆ?"

"ನಿಮ್ಮೋರೇ ಮೊದಲು ದಾಟಿ ನಡ್ಕೊಂಡು ಹೋಗಿಬಿಟ್ರೆ?" ಎಂದಳು ಜಸಿಂತಾ.

ಕೊನೆಗೆ ಪ್ರತಿ ಸಲವೂ ಎರಡು ತಂಡದವರು ಅರ್ಧರ್ಧ ಎಂದು ತೀರ್ಮಾನವಾಯಿತು. ಡಲ್ಸಿ ಮತ್ತು ಜಸಿಂತಾ ಒಬ್ಬರನ್ನೊಬ್ಬರು ಕಾಯಲೆಂದು ಒಟ್ಟಿಗೇ ಹತ್ತಿದರು.

ಎಂಜಿನ್ನಿಗೆ ನೀರು ನುಗ್ಗದಂತೆ ಗಾಡಿಯ ಮೂತಿಗೆ ಟಾರ್ಪಾಲು ಕಟ್ಟಿದರು. ಪೆಟ್ರೋನಾ ನೀರಿಗಿಳಿಸುವ ಮೊದಲು ಒಂದು ಸಲ ಕಣ್ಣು ಮುಚ್ಚಿ ತೆರೆದಳು. ಎರಡನೇ ಗೇರ್, ಒಂದೇ ಗತಿ. ಮೂತಿಯ ಮುಂದೆ ಕೆಂಪು ನೀರಿನ ಒಂದು ಅಲೆ ಎದ್ದಿತು. ಆ ಅಲೆಯನ್ನು ಹಿಂದೆ ಹಾಕಲೂಬಾರದು, ಅದಕ್ಕೆ ಹಿಂದೆ ಬೀಳಲೂಬಾರದು. ನೀರು ಬಾಗಿಲ ಸಂದಿಯಿಂದ ಒಳಬಂದು ಅವಳ ಪಾದ ತೋಯಿಸಿತು. ತೊಟ್ಟಿಯಲ್ಲಿದ್ದವರೆಲ್ಲ ಅಂಚು ಹಿಡಿದುಕೊಂಡರು. ನಡುತೊರೆಯಲ್ಲಿ ಗಾಡಿಯ ಹಿಂಭಾಗ ಸೆಳೆತಕ್ಕೆ ಸ್ವಲ್ಪ ಜರುಗಿತು. ಅವಳ ಕಾಲು ಕ್ಲಚ್ಚಿನ ಮೇಲೆ ಹೋಗಲು ಹಾತೊರೆಯಿತು, ಅವಳು ಅದನ್ನು ಒದ್ದೆ ನೆಲಕ್ಕೇ ಒತ್ತಿ ಹಿಡಿದಳು. ಕಣ್ಣನ್ನು ನೀರಿನ ಮೇಲಿಡದೆ ಆಚೆ ದಡದ ಒಂದು ಬಿಳಿ ಕಲ್ಲಿನ ಮೇಲಿಟ್ಟಳು. ಮುಂದಿನ ಚಕ್ರ ಕಲ್ಲು ಹಿಡಿಯಿತು, ಮೂತಿ ಮೇಲೆದ್ದಿತು, ಗಾಡಿ ಮೈಯಿಂದ ನೀರು ಸುರಿಸುತ್ತಾ ದಡ ಹತ್ತಿತು.

ಆಮೇಲೆ ಎದ್ದ ಗದ್ದಲಕ್ಕೆ ಇಟೆ ತಾಳೆಗಳಿಂದ ಗಿಳಿಗಳೆಲ್ಲ ಹಾರಿಹೋದವು. ನೀಲಿ ಅಂಗಿ ಕೆಂಪು ಅಂಗಿ ಎನ್ನದೆ ಹುಡುಗಿಯರು ತಬ್ಬಿಕೊಂಡರು. ಪೆಟ್ರೋನಾ ಬ್ರೇಕನ್ನು ಒತ್ತಿ ಒತ್ತಿ ಒಣಗಿಸಿ, ಉಳಿದವರನ್ನು ತರಲು ಮತ್ತೆ ನೀರಿಗಿಳಿದಳು. ಎರಡನೆಯ ಸಲ ಅವಳು ಹಾಡು ಗುನುಗುತ್ತಿದ್ದಳು. ಕ್ಲೀಟಸ್ ಟ್ರಾಕ್ಟರಿನ ಜೊತೆ ಅಲ್ಲೇ ಉಳಿದು ಗಾಳ ಹಾಕಿ ಮೀನು ಹಿಡಿಯಲು ಕೂತ.

ಲೆಥೆಮ್ ಮೈದಾನದಲ್ಲಿ ಪಂದ್ಯ ನಡೆಸುವವರು ಎರಡೂ ತಂಡ ಬರಲಿಲ್ಲವೆಂದು ಮೈಕಿನಲ್ಲಿ ಹೇಳಲು ಹೊರಟಿದ್ದರು. ಅಷ್ಟರಲ್ಲಿ, ಒಳಗೂ ಹೊರಗೂ ಚಾವಣಿಯ ಮೇಲೂ ಜನ ತುಂಬಿಕೊಂಡ ಒಂದೇ ಗಾಡಿ, ಬಾಗಿಲ ಮೇಲೆ ಅರ್ಧ ತೊಳೆದುಹೋದ ಇರುವೆಯ ಚಿತ್ರದೊಂದಿಗೆ ಮೈದಾನದ ನಡುವೆಯೇ ಬಂದು ನಿಂತಿತು. ರೆಫರಿ ಗಡಿಯಾರ ತೋರಿಸಿ ಬೈಯಲು ಬಾಯಿ ತೆರೆದವನು, ಸ್ಟೀರಿಂಗ್ ಹಿಂದಿನಿಂದ ತಲೆಯಿಂದ ಕಾಲವರೆಗೆ ಕೆಸರಾದ ಹೆಂಗಸು ಇಳಿಯುವುದನ್ನು ಕಂಡು ಸೀಟಿ ಬಾಯಿಗಿಟ್ಟುಕೊಂಡ.

ಆಟವನ್ನು ಪೆಟ್ರೋನಾ ನೋಡಲಿಲ್ಲ. ಒಂದು ನಿಮಿಷ ಬೆನ್ನು ಆನಿಸೋಣವೆಂದು ಸೀಟಿಗೆ ಒರಗಿದವಳು ಹಾಗೇ ನಿದ್ದೆ ಹೋದಳು. ಮಳೆ ಸುರಿದದ್ದಾಗಲಿ, ಡಲ್ಸಿ ಒದ್ದ ಪೆನಾಲ್ಟಿಯನ್ನು ಜಸಿಂತಾ ಹುಲಿಯಂತೆ ಹಾರಿ ತಡೆದದ್ದಾಗಲಿ, ಇಡೀ ಮೈದಾನ ಎದ್ದು ಕುಣಿದದ್ದಾಗಲಿ ಅವಳಿಗೆ ಗೊತ್ತೇ ಆಗಲಿಲ್ಲ. ಕೊನೆಗೆ ಮಾಪಾರಿ ಎರಡು, ಕಾಟೂನಾವು ಒಂದು. ಜಸಿಂತಾ ಬಂದು ಕಿಟಕಿ ಬಡಿದಾಗ ಅವಳು ಕಣ್ಣುಜ್ಜಿಕೊಂಡು, "ಶುರುವಾಯ್ತಾ?" ಎಂದಳು.

"ಸೋತ್ವಿ."

"ಎಷ್ಟಕ್ಕೆ?"

"ಒಂದು ಗೋಲಿಗೆ. ನಾನು ಪೆನಾಲ್ಟಿ ಹಿಡಿದೆ, ನೀನು ಗೊರಕೆ ಹೊಡೀತಿದ್ದೆ." ಅಷ್ಟು ಹೇಳಿ ಜಸಿಂತಾ ನಕ್ಕುಬಿಟ್ಟಳು. ಡಲ್ಸಿ ಅವಳ ಹಿಂದೆಯೇ ಬಂದು ಗೆದ್ದ ಕಪ್ಪನ್ನು ತೊಟ್ಟಿಗೆಸೆದು, ತಾನೂ ಹತ್ತಿ ಕೂತಳು. ಮಾಪಾರಿಗೆ ಮರಳಲು ಅವರಿಗೂ ಇದ್ದದ್ದು ಅದೊಂದೇ ಗಾಡಿ.

ಭಾನುವಾರ ಬೆಳಿಗ್ಗೆ ಹಿಂತಿರುಗುವಾಗ ದಾರಿಯ ಗೇರುಮರಗಳಲ್ಲಿ ತಡವಾಗಿ ಮಾಗಿದ ಹಣ್ಣುಗಳಿದ್ದವು. ಕಪ್ಪಿನ ತುಂಬ ಗೇರುಹಣ್ಣು ಕಿತ್ತು ತುಂಬಿ ಕೈಯಿಂದ ಕೈಗೆ ದಾಟಿಸಿ ತಿಂದರು. ಎಲ್ಲಿ ಗಾಡಿ ನಿಧಾನವಾದರೂ ಡಲ್ಸಿ ಮೇಲಿಂದ ಚಾವಣಿ ಬಡಿದು, "ಅತ್ತೆ, ತಿರುಪು ತಿರುಗ್ಸಿದ್ಯಾ?" ಎಂದು ಕೇಳುತ್ತಿದ್ದಳು. ತೊರೆಯಲ್ಲಿ ನೀರು ಇಳಿದು ಮೊಣಕಾಲಿಗೆ ಬಂದಿತ್ತು. ಕ್ಲೀಟಸ್ ಹಿಡಿದಿಟ್ಟಿದ್ದ ಮೀನುಗಳನ್ನು ಮೆಣಸಿನಕಾಯಿ ಹಾಕಿ ಅಲ್ಲೇ ಬೇಯಿಸಿ ಎಲ್ಲರೂ ಉಂಡರು.

ಬೇಸಿಲ್‌ನ ಎಲುಬು ಕೂಡಿಕೊಂಡ ಮೇಲೂ ಕೀಲಿ ಪೂರ್ತಿಯಾಗಿ ಅವನ ಕೈಗೆ ಮರಳಲಿಲ್ಲ. ಜಗಳವೇನೂ ಆಗಲಿಲ್ಲ. ಒಣ ತಿಂಗಳುಗಳಲ್ಲಿ ಅವನು ಓಡಿಸುವುದು, ಮಳೆ ತಿಂಗಳುಗಳಲ್ಲಿ ಅವಳು ಎಂದು ತಾನಾಗಿಯೇ ರೂಢಿಯಾಯಿತು. ಹೆರಿಗೆಗೆ ಹೋಗುವವರು, ಆಸ್ಪತ್ರೆಯಿಂದ ಬರುವವರು, ಫರೀನ್ ಮಾರಲು ಹೊರಟವರು, ಮದುಮಕ್ಕಳು, ಒಮ್ಮೆ ಬ್ಯಾಂಡಿನವರ ಸಮೇತ ಒಂದು ದೊಡ್ಡ ಡೋಲು, ಹೀಗೆ ಅವಳ ಗಾಡಿ ಹತ್ತದವರು ಆ ಕಡೆ ವಿರಳ. ಆಮೇಲೆಯೂ ಅವಳು ಹೂತುಕೊಂಡದ್ದುಂಟು. ಒಂದು ಸಲ ಗಾಡಿಯ ಸಮೇತ ಹಳ್ಳದಲ್ಲಿ ಸಂಜೆಯವರೆಗೆ ಕೂತು ಬಾತುಕೋಳಿಗಳನ್ನು ನೋಡಿ ಬಂದಳು. ಕೇಳಿದವರಿಗೆ, ಬಹಳ ಚೆನ್ನಾಗಿತ್ತು ಎಂದಳು.

ಪೆಟ್ರೋನಾಳ ಹತ್ತಿರ ಕಲಿಯಲು ಮೊದಲು ಬಂದವಳು ಡಲ್ಸಿ. ಮಾಪಾರಿಯಿಂದ ಎತ್ತಿನ ಮೇಲೆ ಕೂತು ಬಂದಳು. ಆಮೇಲೆ ಜಸಿಂತಾ, ಆಮೇಲೆ ಶಾಲೆಯ ಮೇಡಂ, ಒಬ್ಬರ ಹಿಂದೆ ಒಬ್ಬರು. ಟೆಲ್ಫರ್ಡ್ ಅಂಗಡಿಯ ಬಾಗಿಲಲ್ಲಿ ಕೂತು, ತನ್ನ ಶಿಷ್ಯೆಗೆ ಶಿಷ್ಯೆಯರಾದರಲ್ಲ ಎಂದು ಬಂದವರಿಗೆಲ್ಲ ಪಾನಕ ಕೊಡುತ್ತಿದ್ದ.

ಡಲ್ಸಿಯನ್ನು ಪೆಟ್ರೋನಾ ಕಲ್ಲುಗುಡ್ಡಕ್ಕೆ ಕರೆದುಕೊಂಡು ಹೋದ ದಿನ ಮೋಡ ಮುಚ್ಚಿತ್ತು. ಮುಕ್ಕಾಲು ಏರಿದ ಮೇಲೆ ಎಂಜಿನ್ ಆರಿತು. ಡಲ್ಸಿಯ ಕೈ ಸ್ಟೀರಿಂಗನ್ನು ಪಕ್ಕಕ್ಕೆ ತಿರುಗಿಸಲು ಹೋಯಿತು.

"ತಿರುಗಿಸ್ಬೇಡ," ಎಂದಳು ಪೆಟ್ರೋನಾ, ಫರೀನ್ ಮುಕ್ಕುತ್ತಾ. "ಅಡ್ಡಕ್ಕೆ ನಿಂತ್ರೆ ಉರುಳತ್ತೆ. ಬ್ರೇಕ್ ಬಿಗಿಯಾಗಿ ತುಳಿ. ರಿವರ್ಸ್ ಗೇರ್ ಹಾಕು. ಎಂಜಿನ್ ಶುರು ಮಾಡಿ ಕ್ಲಚ್ ಬಿಡು. ಈಗ ಬ್ರೇಕಿಂದ ಕಾಲು ತೆಗಿ. ಹತ್ತಿದ ದಾರೀಲೇ, ನೆಟ್ಟಗೆ, ಹಿಂದಕ್ಕೆ."

"ಬಿದ್ರೆ?"

"ಬೀಳಲ್ಲ. ನಾನೂ ಇದೀನಲ್ಲ ಒಳಗೆ. ಬೀಳೋ ಹಂಗಿದ್ರೆ ಇಷ್ಟೊತ್ತಿಗೆ ಇಳಿದು ಓಡ್ತಿರ್ಲಿಲ್ವಾ?"

ಗಾಡಿ ಗುರುಗುಟ್ಟುತ್ತಾ ಹಿಂದಕ್ಕೆ ಇಳಿದು ತಳದಲ್ಲಿ ನಿಂತಿತು. ಡಲ್ಸಿ ಅಂಗೈಗಳ ಬೆವರನ್ನು ಚಡ್ಡಿಗೆ ಒರೆಸಿಕೊಂಡಳು. ಎದುರಿನ ಬಯಲಿನಲ್ಲಿ ಮಳೆ ಬೂದು ಗೋಡೆಯಂತೆ ನಡೆದು ಬರುತ್ತಿತ್ತು, ಹುಲ್ಲು ಅದರ ಮುಂದೆ ಬಾಗುತ್ತಿತ್ತು.

"ಮಳೆ ಬರೋಕೆ ಮುಂಚೆ ಇನ್ನೊಂದು ಸಲ ಹತ್ತಲಾ, ಅತ್ತೆ?"

"ಬಂದ್ರೂ ಹತ್ತು," ಎಂದು ಪೆಟ್ರೋನಾ ಕಿಟಕಿಯ ಗಾಜು ಏರಿಸಿದಳು.